ಏಳನೆಯ ಮನೆಯ ವಾಚು

ಮಣಿಪಾಲ
14-11-1976

ಪ್ರಿಯ ಪಾಸ್ಕಲ್,

ನಿನ್ನ ಹಡಗು ಈಗ ಯಾವ ಸಮುದ್ರದಲ್ಲಿದೆಯೋ ಗೊತ್ತಿಲ್ಲ. ಕಂಪೆನಿಯ ವಿಳಾಸಕ್ಕೇ ಬರೆಯುತ್ತಿದ್ದೇನೆ. ಯಾವುದಾದರೊಂದು ಬಂದರಿನಲ್ಲಿ ಸಿಗಲಿ.

ನಿನ್ನ ತಂಗಿ ಐರಿನ್ ನಿನ್ನೆ ಕಾರ್ಕಳದಿಂದ ಬಂದು ಪೊಟ್ಟಣ ಕೊಟ್ಟು ಹೋದಳು. ಹಿರಿಯಡ್ಕದಲ್ಲಿ ಬಸ್ಸು ಕೆಟ್ಟು ನಿಂತಿತಂತೆ. ಅಷ್ಟು ಹೊತ್ತೂ ಅದನ್ನು ಮಡಿಲಿನಿಂದ ಇಳಿಸಲಿಲ್ಲವಂತೆ. ನನ್ನವಳು ಪ್ರಭಾವತಿ ಕಾಫಿ ಕೊಡುವಷ್ಟರಲ್ಲಿ ನಾನು ದಾರ ಕತ್ತರಿಸಿಯಾಗಿತ್ತು. ನಗಬೇಡ.

ನನ್ನ ಸೋದರಮಾವ ಯಜ್ಞನಾರಾಯಣರು ಬಿಟ್ಟುಹೋದ ಆ ಬೀಟೆಮರದ ಪೆಟ್ಟಿಗೆ ನೀನು ನೋಡಿದ್ದೇ. ಚೆನ್ನೆಮಣೆಯ ಒಂದು ಸಾಲಿನ ಗುಳಿಗಳ ಹಾಗೆ ವಾಚು ಕೂರಿಸಲು ಏಳು ಮನೆ, ಒಳಗೆ ನೀಲಿ ಮಖಮಲ್ಲು. ಮುಂಬಯಿಯಲ್ಲಿ ಹೋಟೆಲು ನಡೆಸಿ ದುಡಿದು ದುಡಿದು ಅವರು ಐದು ರೋಲೆಕ್ಸ್ ವಾಚು ಕೊಂಡರು, ಆರನೆಯದನ್ನು ನಾನು ಸೇರಿಸಿದೆ. ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ ಆ ಪೆಟ್ಟಿಗೆ ತೆರೆಯುವಾಗ ಈಗಲೂ ನನ್ನ ಉಸಿರು ಒಂದು ಕ್ಷಣ ನಿಲ್ಲುತ್ತದೆ. ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಮನುಷ್ಯನ ಬೆರಳು ಕೂರಿಸಿದೆ, ಆ ಬೆರಳಿನವನು ಸತ್ತು ಎಷ್ಟೋ ವರ್ಷವಾಗಿದ್ದರೂ ಅವನ ಕೆಲಸ ಇನ್ನೂ ಉಸಿರಾಡುತ್ತಿದೆ. ಕಾಲೇಜಿನಲ್ಲಿ ಹುಡುಗರಿಗೆ ಲೋಲಕದ ಸೂತ್ರ ಬರೆದು ತೋರಿಸುವ ನನಗೆ ಅದನ್ನು ನೋಡಿದರೆ ಸೂತ್ರವೆಲ್ಲ ಮರೆತುಹೋಗುತ್ತದೆ.

ಏಳನೆಯ ಮನೆಗೆ ಒಂದು ರೋಲೆಕ್ಸ್ ಹುಡುಕು ಎಂದು ನಿನ್ನನ್ನು ಕೇಳಿದ್ದೆ. ಬಂದದ್ದು ಟ್ಯೂಡರ್. ನಿನ್ನ ಚೀಟಿಯಲ್ಲಿ ಎರಡೇ ಸಾಲು: "ನೀನು ಹೇಳಿದ್ದು ಸಿಗಲಿಲ್ಲ. ಇದನ್ನು ಇಟ್ಟುಕೊ." ಕಳೆದ ರಜೆಯಲ್ಲಿ ನಿನ್ನ ಕೈಯಲ್ಲಿ ಇದ್ದದ್ದು ಇದೇ ಅಲ್ಲವೆ? ಗಾಜಿನ ಮೇಲಿನ ಗೀರು ನೋಡಿ ಗುರುತು ಹಿಡಿದೆ.

ಮನಸ್ಸಿಗೆ ತೆಗೆದುಕೊಳ್ಳಬೇಡ, ಮಾರಾಯ. ವಾಚು ಚೆನ್ನಾಗಿದೆ. ಡಯಲಿನ ಮೇಲಿನ ಪುಟ್ಟ ಗುಲಾಬಿ ಹೂ ಪ್ರಭಾವತಿಗೆ ಬಹಳ ಹಿಡಿಸಿತು. ಆದರೆ ಅದು ಆ ಪೆಟ್ಟಿಗೆಯಲ್ಲಿ ಕೂರುವಂಥದ್ದಲ್ಲ. ರೋಲೆಕ್ಸಿನ ಮನೆತನದ್ದೇ ನಿಜ, ಆದರೆ ಕಡಿಮೆ ಬೆಲೆಗೆಂದು ಬೇರೆ ಹೆಸರಿಟ್ಟು ಮಾಡಿದ್ದು. ಅಕ್ಕಂದಿರ ನಡುವೆ ಇದನ್ನು ಕೂರಿಸಿದರೆ ಮಾವ ಏನೆಂದಾರು? ನಾನು ಇದನ್ನು ಏನು ಮಾಡಲಿ, ನೀನೇ ಹೇಳು.

ನಿನ್ನ
ಕೃಷ್ಣರಾಜ


ರಾಟರ್‌ಡ್ಯಾಮ್
9-1-1977

ಪ್ರಿಯ ಕೃಷ್ಣರಾಜ,

ಕಾಗದ ತಡವಾಗಿ ಸಿಕ್ಕಿತು. ಹಡಗು ನನ್ನನ್ನು ಇಲ್ಲಿ ಇಳಿಸಿ ಮುಂದೆ ಹೋಗಿದೆ. ಇಲ್ಲಿ ಸ್ವಲ್ಪ ದಿನದ ಕೆಲಸ ಉಂಟು. ಕಿಟಕಿಯ ಹೊರಗೆ ಹಿಮ ಬೀಳುತ್ತಿದೆ. ಬಂದರಿನಲ್ಲಿ ಎಷ್ಟೋ ಸಲ ನೋಡಿದ್ದೇನೆ, ಆದರೆ ಬೆಳಿಗ್ಗೆಯಿಂದ ಸಂಜೆವರೆಗೆ ಸುಮ್ಮನೆ ಕುಳಿತು ನೋಡಿದ್ದು ಈ ಸಲವೇ. ಇಷ್ಟು ದೊಡ್ಡ ಊರು ಸದ್ದೇ ಇಲ್ಲದೆ ಬೆಳ್ಳಗಾಗುತ್ತದೆ ಮಾರಾಯ, ಯಾರೋ ದೇವರು ಮಲಗಿದ್ದಾರೆ ಅನ್ನುವ ಹಾಗೆ.

ಇನ್ನು ನಿನ್ನ ಪಂಚಾಯಿತಿಗೆ ಬರುವ. ಟ್ಯೂಡರನ್ನು ಮಗುಚಿ ಹಾಕಿ ಬೆನ್ನು ನೋಡು. ಏನು ಕೆತ್ತಿದೆ? ಕವಚ ಜಿನೀವಾದ ರೋಲೆಕ್ಸಿನದ್ದು ಅಂತಲೇ ಉಂಟು. ಕೀ ಕೊಡುವ ಬಿರಡೆಯ ಮೇಲೆ ಯಾರ ಕಿರೀಟದ ಗುರುತು? ರೋಲೆಕ್ಸಿನದ್ದೇ. ಒಳಗಿನ ಮೆಷಿನು ಮಾತ್ರ ಹೊರಗಿನಿಂದ ತರಿಸಿದ್ದು. ಅದನ್ನು ಅವರು ಕದ್ದುಮುಚ್ಚಿ ಮಾಡಿಲ್ಲ, ಬೇರೆ ಹೆಸರು ಇಟ್ಟು ಎದುರಿಗೇ ಹೇಳಿದ್ದಾರೆ. ಆ ಮನೆತನ ಕಟ್ಟಿದವನಿಗೆ ದೊಡ್ಡವರ ಕೈಗೆ ವಾಚು ಮಾಡಿದ್ದಷ್ಟೇ ಸಾಕಾಗಲಿಲ್ಲ. ಕೂಲಿ ಮಾಡುವವನ ಕೈಯಲ್ಲೂ ನೀರು ಹೋಗದ, ನಂಬಬಹುದಾದ ಒಂದು ಇರಲಿ ಅನ್ನಿಸಿತು. ಅದಕ್ಕೆ ಈ ತಂಗಿ ಹುಟ್ಟಿದಳು. ಹಾಗೆ ಹುಟ್ಟಿದವಳನ್ನು ನೀನು ಚಾವಡಿಯಲ್ಲೇ ನಿಲ್ಲಿಸುತ್ತೀಯಾ?

ನನ್ನ ಎಡಗೈಗೆ ಅದರ ಅಗತ್ಯ ಇನ್ನಿಲ್ಲ. ನೀನು ಪೆಟ್ಟಿಗೆಯಲ್ಲಿ ಇಡು, ಅಟ್ಟದಲ್ಲಿ ಇಡು. ವಾಪಸ್ಸು ಮಾತ್ರ ಕಳುಹಿಸಬೇಡ.

ಐರಿನ್ ಕೇಳಿದರೆ ನಾನು ಚೆನ್ನಾಗಿದ್ದೇನೆ ಎನ್ನು.

ಪಾಸ್ಕಲ್


ಮಣಿಪಾಲ
20-2-1977

ಪ್ರಿಯ ಪಾಸ್ಕಲ್,

ಕಳ್ಳ! ಈಗ ಗೊತ್ತಾಯಿತು. ಎಡಗೈಗೆ ಅಗತ್ಯವಿಲ್ಲ ಎಂದರೆ ಅಲ್ಲಿಗೆ ಅಕ್ಕನೇ ಬಂದಿದ್ದಾಳೆ ಎಂದರ್ಥ. ಯಾವ ಮಾಡೆಲ್? ಹಡಗು ಬಿಟ್ಟು ದಡದಲ್ಲಿ ಕೆಲಸ ಎಂದರೆ ಬಡ್ತಿಯೇ ಇರಬೇಕು. ನಿನಗೆ ರೋಲೆಕ್ಸ್, ನನಗೆ ನಿನ್ನ ಹಳೆಯ ಟ್ಯೂಡರ್. ಇರಲಿ, ಸಂತೋಷವೇ. ಪ್ರಭಾವತಿ ಮಾತ್ರ ಕಾಗದ ಓದಿ, "ಅವರು ಕೈಯಿಂದ ಬಿಚ್ಚಿ ಕಳಿಸಿದ್ದು ಯಾಕೆ ಅಂತ ನೀವು ಕೇಳಲೇ ಇಲ್ವಲ್ಲ?" ಎಂದಳು. ಕೇಳುವುದಕ್ಕೆ ಎಂತ ಉಂಟು, ಹೊಸದು ಬಂದಿದೆ, ಹಳೆಯದು ಬಿಚ್ಚಿದ್ದಾನೆ ಎಂದೆ.

ನಿನ್ನ ವಾದವನ್ನು ನಾನು ತಳ್ಳಿಹಾಕಿಲ್ಲ. ಉಡುಪಿಯಲ್ಲಿ ವಾಚು ರಿಪೇರಿಯ ಕಿಟ್ಟಣ್ಣನ ಅಂಗಡಿಗೆ ಒಯ್ದು ಬೆನ್ನು ತೆಗೆಸಿದೆ. ಅವನು ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆದು ನನ್ನ ಕೈಗೆ ಕೊಟ್ಟ. ಅರ್ಧಚಂದ್ರದಂಥ ಒಂದು ತುಂಡು ಲೋಹ, ಕೈ ಅಲ್ಲಾಡಿದ ಹಾಗೆಲ್ಲ ಸುತ್ತಿ ತನಗೆ ತಾನೇ ಕೀ ಕೊಟ್ಟುಕೊಳ್ಳುತ್ತದೆ. ಗೊತ್ತಿದ್ದ ವಿಷಯವೇ. ಆದರೂ ರಸ್ತೆಯ ಬಸ್ಸು, ಹಾರ್ನು, ಎಲ್ಲವೂ ಕೇಳಿಸದಾಯಿತು. ಕಿಟ್ಟಣ್ಣ ಬೆನ್ನು ಮುಚ್ಚಿ ಬಿಗಿ ಮಾಡಿದ. ಆಮೇಲೆ ಹೇಳಿದ, "ಒಳ್ಳೆ ಮೆಷಿನು ಮಾಸ್ಟ್ರೇ. ಆದ್ರೆ ನಿಮ್ಮ ಪೆಟ್ಟಿಗೆಯದ್ದರ ಹಾಗೆ ಅಲ್ಲ. ಅದು ಬೇರೆ."

ಅದು ಬೇರೆ. ನನಗೂ ಅಷ್ಟೇ ಹೇಳಬೇಕಾಗಿರುವುದು. ಸಂಗ್ರಹ ಎಂದಮೇಲೆ ಒಂದು ನಿಯಮ ಬೇಕು. ಇಷ್ಟವಾದದ್ದನ್ನೆಲ್ಲ ಒಳಗೆ ಬಿಟ್ಟುಕೊಂಡರೆ ಅದು ಸಂಗ್ರಹವಲ್ಲ, ಸಂತೆ.

ಈಗ ನಾನು ಮಾಡಿದ್ದನ್ನು ಕೇಳು. ಮೊದಲು ಕಾಪುವಿನ ಶಾಲೆಯಲ್ಲಿ ನಾನು ಪಾಠ ಮಾಡುತ್ತಿದ್ದಾಗ ವಾಸು ಎಂಬ ಮೊಗವೀರರ ಹುಡುಗನಿದ್ದ. ಈಗ ದೊಡ್ಡವನಾಗಿದ್ದಾನೆ, ಮದುವೆಯಾಗಿದೆ. ಸಾಲ ಮಾಡಿ ಐವರ ಜೊತೆ ಸೇರಿ ಎಂಜಿನ್ ಬೋಟು ತೆಗೆದುಕೊಂಡಿದ್ದಾನೆ, ಮಲ್ಪೆಯಿಂದ ಹೋಗುತ್ತಾರೆ. ಬೋಟಿನ ಪೂಜೆಗೆ ಕರೆಯಲು ಬಂದಿದ್ದ. ಕೈಯಲ್ಲಿದ್ದ ವಾಚಿನ ಒಳಗೆ ಉಪ್ಪುನೀರು ಹೋಗಿ ಮುಳ್ಳುಗಳು ತುಕ್ಕು ಹಿಡಿದಿದ್ದವು. ನಿನ್ನ ಟ್ಯೂಡರನ್ನು ಅವನ ಕೈಗೆ ಕಟ್ಟಿದೆ. "ಬೇಡ ಮಾಸ್ಟ್ರೇ, ನನ್ನ ಕೈಗೆ ಇಂಥದ್ದು ಎಂತಕ್ಕೆ?" ಎಂದ. ಇದು ನಿನ್ನಂಥವರಿಗೇ ಮಾಡಿದ್ದು ಎಂದೆ. ಮೆಟ್ಟಿಲು ಇಳಿಯುವಾಗಲೂ ಅದನ್ನೇ ನೋಡುತ್ತಿದ್ದ, ಎಡವಿದ.

ನಿನಗೆ ಬೇಸರವಿಲ್ಲವಷ್ಟೆ? ರೋಲೆಕ್ಸಿನ ಮಾಡೆಲ್ ತಪ್ಪದೆ ಬರೆ.

ನಿನ್ನ
ಕೃಷ್ಣರಾಜ


ಮುಂಬಯಿ
3-4-1977

ಪ್ರಿಯ ಕೃಷ್ಣರಾಜ,

ಬೇಸರ ಎಂತದ್ದು? ದುಡಿಯುವ ಕೈಗೆ ಹೋಯಿತು, ಒಳ್ಳೆಯದೇ ಆಯಿತು. ಆ ವಾಸುವಿಗೆ ಒಂದು ಮಾತು ಹೇಳು: ಬಿರಡೆಯನ್ನು ಯಾವಾಗಲೂ ಪೂರ್ತಿ ತಿರುಗಿಸಿ ಬಿಗಿ ಮಾಡಬೇಕು, ಇಲ್ಲದಿದ್ದರೆ ಯಾವ ಮನೆತನದ್ದಾದರೂ ನೀರು ಒಳಗೆ ಹೋಗುತ್ತದೆ.

ಕಂಪೆನಿಯ ಕಾಗದಪತ್ರ ಮುಗಿಯುವ ತನಕ ಇಲ್ಲಿ ನಾವಿಕರ ಹಾಸ್ಟೆಲಿನಲ್ಲಿ ಇರುತ್ತೇನೆ. ಊರಿಗೆ ಈಗಲೇ ಬರುವುದಿಲ್ಲ. ಐರಿನ್‌ಗೆ ನಾನು ಮುಂಬಯಿಯಲ್ಲಿ ಇದ್ದೇನೆಂದು ಹೇಳಬೇಡ, ಓಡಿ ಬರುತ್ತಾಳೆ.

ಮಾಡೆಲ್ ವಿಷಯ ಮುಖತಃ ಮಾತಾಡುವ.

ಪಾಸ್ಕಲ್


ಕಾಪು
21-11-1977

ಪಾಸ್ಕಲ್,

ಕಾಪುವಿನ ಕಡಲ ಬದಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಬಿರುಗಾಳಿಯ ವಿಷಯ ಪೇಪರಿನಲ್ಲಿ ಓದಿರಬಹುದು. ವಾಸುವಿನ ಬೋಟು ಹಿಂದೆ ಬಂದಿಲ್ಲ. ಆರು ಜನ. ಅವರಲ್ಲಿ ಅವನ ಚಿಕ್ಕಪ್ಪ ಚಂದು, ಅರುವತ್ತು ದಾಟಿದವರು. ಉಳಿದ ಬೋಟುಗಳೆಲ್ಲ ಬಂದವು.

ನಾನು ಇಲ್ಲಿ ಬಂದು ಮಾಡುವುದೇನೂ ಇಲ್ಲ. ಮನೆಯಲ್ಲಿ ಕೂರಲಾಗದೆ ಬಂದೆ. ವಾಸುವಿನ ತಾಯಿ ಅಮ್ಮಣ್ಣಿ ದೀಪಸ್ತಂಭದ ಬಂಡೆಯ ಕೆಳಗೆ ಮರಳಿನಲ್ಲಿ ಕುಳಿತಿದ್ದಾರೆ, ಸೊಸೆ ರತ್ನಾವತಿ ಪಕ್ಕದಲ್ಲಿ. ಯಾರೂ ಅಳುತ್ತಿಲ್ಲ. ಸಮುದ್ರವನ್ನು ನೋಡುತ್ತಿದ್ದಾರೆ ಅಷ್ಟೆ. ನಾನು ಹತ್ತಿರ ಹೋಗಿ ಕುಳಿತೆ. ಅಮ್ಮಣ್ಣಿ ಕೇಳಿದರು:

"ಮಾಸ್ಟ್ರೇ, ನೀವು ಕೊಟ್ಟ ವಾಚು ನೀರಿನಲ್ಲಿ ನಿಲ್ಲುವುದಿಲ್ಲ ಅಂತ ವಾಸು ಹೇಳ್ತಿದ್ದ. ಹೌದಾ?"

"ಹೌದಮ್ಮ."

"ಹಾಗಾದ್ರೆ ತಡ ಆಯ್ತು ಅಂತ ಅವನಿಗೆ ಗೊತ್ತುಂಟು. ಬರ್ತಾನೆ."

ಇಷ್ಟು ವರ್ಷ ಭೂತಗನ್ನಡಿ ಇಟ್ಟು ನೋಡಿದ ವಸ್ತುವಿನ ಬಗ್ಗೆ ಇಂಥ ಮಾತನ್ನು ನಾನು ಕೇಳಿದ್ದಿಲ್ಲ.

ಕೃಷ್ಣರಾಜ


ಮಣಿಪಾಲ
30-11-1977

ಪ್ರಿಯ ಪಾಸ್ಕಲ್,

ಬಂದರು! ಆರು ಜನವೂ ಬಂದರು. ಭಟ್ಕಳದ ಕಡೆಯ ಬೋಟೊಂದು ಅವರನ್ನು ದೂರ ಸಮುದ್ರದಲ್ಲಿ ಕಂಡು ಹಗ್ಗ ಕಟ್ಟಿ ಎಳೆದು ತಂದಿತು. ನಾನು ಮೊನ್ನೆ ಕಾಪುವಿಗೆ ಹೋಗಿ ವಾಸುವಿನ ಮನೆಯ ಜಗಲಿಯಲ್ಲಿ ಕುಳಿತು ಕೇಳಿದ್ದನ್ನು ಒಂದೂ ಬಿಡದೆ ಬರೆಯುತ್ತೇನೆ. ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಗಾಳಿ ಎದ್ದಾಗಲೇ ಎಂಜಿನ್ ನಿಂತಿತಂತೆ. ಅಲೆ ಹೊಡೆದು ಹಲಗೆಯೊಂದು ಬಿರುಕುಬಿಟ್ಟಿತು. ನೀರು ಒಳಗೆ ಬರುತ್ತಲೇ ಇತ್ತು. ಎತ್ತಿ ಹೊರಗೆ ಹಾಕುವುದು ನಿಲ್ಲಿಸಿದರೆ ಮುಳುಗುತ್ತಾರೆ, ನಿಲ್ಲಿಸದೆ ಎಲ್ಲರೂ ಹಾಕುತ್ತಿದ್ದರೆ ಎಲ್ಲರೂ ಒಟ್ಟಿಗೆ ಬಿದ್ದುಹೋಗುತ್ತಾರೆ. ಕುಡಿಯುವ ನೀರು ಒಂದೇ ಕ್ಯಾನು. ಸೂರ್ಯನೂ ಇಲ್ಲ, ನಕ್ಷತ್ರವೂ ಇಲ್ಲ.

"ಮೊದಲಿಗೆ ಜಗಳ ಆಯ್ತು ಮಾಸ್ಟ್ರೇ," ಎಂದ ವಾಸು. "ನಾನು ಹೆಚ್ಚು ಹಾಕಿದೆ, ನೀನು ಕಡಿಮೆ ಹಾಕಿದೆ ಅಂತ. ಒಬ್ಬ ಕುಡಿಯೋವಾಗ ಉಳಿದವರು ಅವನ ಗಂಟಲನ್ನೇ ನೋಡ್ತಿದ್ರು. ಅದು ಗಾಳಿಗಿಂತ ಹೆದರಿಕೆ. ಮತ್ತೆ ನನಗೆ ಕೈ ಮೇಲೆ ಕಣ್ಣು ಹೋಯ್ತು."

ಆ ಹೊತ್ತಿನಿಂದ ವಾಚು ಹೇಳಿದಂತೆ ನಡೆಯಿತು. ದೊಡ್ಡ ಮುಳ್ಳು ಅರ್ಧ ಸುತ್ತು ಬರುವ ತನಕ ಇಬ್ಬರು ನೀರು ಎತ್ತಬೇಕು, ಉಳಿದವರು ಮಲಗಬೇಕು. ಪೂರ್ತಿ ಸುತ್ತು ಬಂದಾಗ ಒಬ್ಬೊಬ್ಬರಿಗೂ ಒಂದು ಗುಟುಕು. ಪಾಳಿಯ ಮುಖ್ಯಸ್ಥನ ಕೈಗೆ ವಾಚು. ಮುಗಿದಾಗ ಬಿಚ್ಚಿ ಮುಂದಿನವನ ಕೈಗೆ ಕಟ್ಟುವುದು. ಕತ್ತಲಲ್ಲೂ ಹೊಳೆಯುವ ಆ ಮುಳ್ಳಿನ ಜೊತೆ ಯಾರೂ ಜಗಳ ಆಡಲಿಲ್ಲ. ಪಾಸ್ಕಲ್, ನೀರು ಎತ್ತುವ ಕೈಯೇ ಅದಕ್ಕೆ ಕೀ ಕೊಡುತ್ತಿತ್ತು! ಕಿಟ್ಟಣ್ಣನ ಅಂಗಡಿಯಲ್ಲಿ ನಾನು ಬೆರಗಾಗಿ ನೋಡಿದ ಆ ಅರ್ಧಚಂದ್ರ ಕತ್ತಲ ಸಮುದ್ರದಲ್ಲಿ ಆರು ಕೈಗಳ ಮೇಲೆ ಸುತ್ತುತ್ತಿತ್ತು.

ಇನ್ನೊಂದು ಉಂಟು, ಅದನ್ನು ವಾಸು ತಗ್ಗಿದ ದನಿಯಲ್ಲಿ ಹೇಳಿದ. ಚಂದುವಿಗೆ ವಾಚು ನೋಡಲು ಬರುತ್ತಿರಲಿಲ್ಲ. ಬೋಟಿನಲ್ಲೇ ಕಲಿಸಿದರಂತೆ, ದೊಡ್ಡ ಮುಳ್ಳು ನೆಟ್ಟಗೆ ಕೆಳಗೋ ನೆಟ್ಟಗೆ ಮೇಲೋ ಬಂದರೆ ಎಬ್ಬಿಸು ಎಂದು. ಎರಡು ಸಲ ಸರಿಯಾಗಿ ಎಬ್ಬಿಸಿದರು. ಮೂರನೆಯ ಸಲ ಜೊತೆಯವನನ್ನೂ ಮಲಗಿಸಿ, ಯಾರನ್ನೂ ಎಬ್ಬಿಸದೆ ಒಬ್ಬರೇ ಬೆಳಗಾಗುವವರೆಗೆ ನೀರು ಎತ್ತಿದರು. ಎಲ್ಲರೂ ಎದ್ದು ಕೇಳಿದರೆ, "ನನಗೆ ಮುಳ್ಳು ಸರಿ ಕಾಣಲಿಲ್ಲ ಮಕ್ಕಳೇ" ಎಂದರಂತೆ. ತಮ್ಮ ಗುಟುಕನ್ನೂ ಕುಡಿದಿರಲಿಲ್ಲ.

"ಅವರಿಗೆ ಕಾಣ್ತಿತ್ತು ಮಾಸ್ಟ್ರೇ. ಚೆನ್ನಾಗಿ ಕಾಣ್ತಿತ್ತು," ಎಂದ ವಾಸು.

ಚಂದು ಅಲ್ಲೇ ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದರು, ಅಂಗೈ ತುಂಬ ಬೊಬ್ಬೆ. ನಾನು ಅವರ ಮುಖ ನೋಡಿದೆ. ಅವರು ಬೀಡಿ ಹಚ್ಚಿಕೊಂಡು, "ಊಟ ಮಾಡಿ ಹೋಗಿ ಅಂತ ಹೇಳುವ ಹಾಗೂ ಇಲ್ಲ, ನೀವು ಮೀನು ತಿನ್ನೋರಲ್ಲ ಅಲ್ವಾ," ಎಂದು ನಕ್ಕರು. ನಾನು ಏಳುವಾಗ ನನಗೆ ಗೊತ್ತಿಲ್ಲದೆಯೇ ಕೈ ಮುಗಿದಿದ್ದೆ.

ವಾಸು ವಾಚು ಬಿಚ್ಚಿ ನನ್ನೆದುರು ಇಟ್ಟ. ಇನ್ನು ಇಷ್ಟು ದೊಡ್ಡದನ್ನು ತಾನು ಇಟ್ಟುಕೊಳ್ಳಲಾರೆ ಎಂದ. ನಾನು ತೆಗೆದುಕೊಳ್ಳಲಿಲ್ಲ. ಅದು ನನ್ನದಲ್ಲ, ಪಾಸ್ಕಲನದ್ದು, ಅವನನ್ನು ಕೇಳುತ್ತೇನೆ ಎಂದೆ. ಈಗ ಕೇಳುತ್ತಿದ್ದೇನೆ. ಏಳನೆಯ ಮನೆ ಅದರದ್ದೇ. ಆರು ಅಕ್ಕಂದಿರನ್ನು ಪಕ್ಕಕ್ಕೆ ಸರಿಸಿ ನಡುವೆ ಇಡುತ್ತೇನೆ. ಒಪ್ಪುತ್ತೀಯಾ?

ನಿನ್ನ
ಕೃಷ್ಣರಾಜ


ಮುಂಬಯಿ
14-12-1977

ಪ್ರಿಯ ಕೃಷ್ಣರಾಜ,

ನಿನ್ನ ಕಾಗದವನ್ನು ಓದಿ ಮಡಚಿಟ್ಟೆ. ಮತ್ತೆ ಬಿಡಿಸಿ ಚಂದುವಿನ ಭಾಗ ಓದಿದೆ. ಮತ್ತೆ ಹೊರಗೆ ಹೋಗಿ ಸಮುದ್ರದ ಕಟ್ಟೆಯ ಮೇಲೆ ಕುಳಿತೆ. ಹಡಗು ಬಿಟ್ಟ ಮೇಲೆ ನಾನು ಸಮುದ್ರದ ಕಡೆ ಮುಖ ಮಾಡಿ ಕುಳಿತದ್ದು ಇದೇ ಮೊದಲು.

ನನಗೆ ರೋಲೆಕ್ಸೂ ಇಲ್ಲ, ಬಡ್ತಿಯೂ ಇಲ್ಲ. ನನಗೆ ಎಡಗೈ ಇಲ್ಲ. ಮಣಿಗಂಟಿನಿಂದ ನಾಲ್ಕು ಬೆರಳಿನಷ್ಟು ಮೇಲಕ್ಕೆ ಕತ್ತರಿಸಿ ತೆಗೆದಿದ್ದಾರೆ.

ಯಾರನ್ನೋ ಕಾಪಾಡಲು ಹೋಗಿ ಆದದ್ದಲ್ಲ. ಹಡಗು ಓಲಾಡಿತು, ಎಂಜಿನ್ ಕೋಣೆಯಲ್ಲಿ ನಾನು ಜಾರಿದೆ, ಕೈ ಪಂಪಿನ ಬೆಲ್ಟಿಗೆ ಸಿಕ್ಕಿತು. ದೊಡ್ಡ ಕಥೆ ಏನೂ ಇಲ್ಲ. ಕೆಳಗೆ ಇಳಿಯುವಾಗ ವಾಚನ್ನು ಬಿಚ್ಚಿ ಕ್ಯಾಬಿನ್ನಿನ ಮೊಳೆಗೆ ತೂಗುಹಾಕುವುದು ನನ್ನ ಅಭ್ಯಾಸ, ಹಾಗಾಗಿ ಅದು ಉಳಿಯಿತು. ಆಸ್ಪತ್ರೆಗೆ ನನ್ನ ಸಾಮಾನು ತಂದಾಗ ನಿಂತುಹೋಗಿತ್ತು. ಬಲಗೈಯಲ್ಲಿ ಎತ್ತಿದೆ, ಓಡತೊಡಗಿತು. ನನಗೆ ಎಂಥ ಸಿಟ್ಟು ಬಂತು ಗೊತ್ತುಂಟಾ? ಬಲಗೈಗೆ ಕಟ್ಟಿಕೊಳ್ಳುವ ಎಂದರೆ ಬಕಲ್ ಹಾಕುವವರು ಯಾರು? ಸ್ಪ್ರಿಂಗ್ ಚೈನು ಹಾಕಿಸಬಹುದಿತ್ತು, ಹೌದು. ಆದರೆ ದಿನಾ ಅದರ ಮುಖ ನೋಡುವ ಮನಸ್ಸು ಇರಲಿಲ್ಲ. ಅಲ್ಲಿನ ನರ್ಸ್ ಪೊಟ್ಟಣ ಕಟ್ಟಿಕೊಟ್ಟಳು. ಅದೇ ನಿನಗೆ ಬಂದದ್ದು.

ಯಾಕೆ ಹೇಳಲಿಲ್ಲ ಎಂದು ಕೇಳಬೇಡ. ನೀನು ಮಾಡೆಲ್ ಯಾವುದು ಎಂದು ಸಂತೋಷದಲ್ಲಿ ಕೇಳಿದ್ದಿ. ಆ ಕಾಗದದಲ್ಲಿ ನನಗೆ ಇನ್ನೂ ಎರಡು ಕೈ ಇತ್ತು. ಅಲ್ಲೇ ಸ್ವಲ್ಪ ದಿನ ಇರುವ ಅನ್ನಿಸಿತು.

ಐರಿನ್‌ಗೆ ನೀನೇ ಹೇಳಬೇಕು. ನನ್ನಿಂದ ಆಗುವುದಿಲ್ಲ.

ಪಾಸ್ಕಲ್


ಮಣಿಪಾಲ
22-12-1977

ಪಾಸ್ಕಲ್,

ಕಾರ್ಕಳಕ್ಕೆ ಹೋಗಿ ಹೇಳಿದೆ. ಐರಿನ್ ಕೇಳಿಸಿಕೊಂಡಳು. ಬಹಳ ಹೊತ್ತು ಕೈಯಲ್ಲಿದ್ದ ಮೊರವನ್ನು ಕೆಳಗೆ ಇಡಲಿಲ್ಲ. ಮತ್ತೆ, "ಕೋಣೆ ಗುಡಿಸಿ ಇಡ್ತೇನೆ, ಕರ್ಕೊಂಡು ಬನ್ನಿ," ಎಂದಳು. ಪ್ರಭಾವತಿ ಹಿಂದೆ ಕೇಳಿದ ಪ್ರಶ್ನೆಯನ್ನು ನಾನೂ ಕೇಳಬೇಕಿತ್ತು. ಅವಳು ಈಗ ನನ್ನ ಬಟ್ಟೆ ಚೀಲಕ್ಕೆ ತುಂಬಿಸುತ್ತಿದ್ದಾಳೆ.

ನಾಳೆಯ ಬಸ್ಸಿಗೆ ಹೊರಡುತ್ತೇನೆ. ಈ ಕಾಗದಕ್ಕಿಂತ ಮೊದಲು ನಾನೇ ತಲುಪಬಹುದು. ಹಾಸ್ಟೆಲ್ ಬಿಟ್ಟು ಎಲ್ಲಿಗೂ ಹೋಗಬೇಡ.

ಕೃಷ್ಣರಾಜ


ಕಾರ್ಕಳ
12-2-1978

ಪ್ರಿಯ ಕೃಷ್ಣರಾಜ,

ಮುಂಬಯಿಯಿಂದ ಬರುವಾಗ ಬಸ್ಸಿನಲ್ಲಿ ನೀನು ಕೇಳಿದ ಮಾತಿಗೆ ನಾನು ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿದೆ. ಇವತ್ತು ಉತ್ತರ ಬರೆಯುತ್ತೇನೆ, ಬೇಜಾರು ಮಾಡಬೇಡ. ಟ್ಯೂಡರನ್ನು ನಿನ್ನ ಪೆಟ್ಟಿಗೆಗೆ ಕೊಡುವುದಿಲ್ಲ.

ಮೊದಲು ನೀನು ಬೇಡ ಎಂದಾಗ ನಿನ್ನದೊಂದು ನಿಯಮ ಇತ್ತು. ನನಗೆ ಅದು ಒಪ್ಪಿಗೆ ಇರಲಿಲ್ಲ, ಆದರೆ ಅದು ವಾಚನ್ನು ನೋಡಿ ಮಾಡಿದ ನಿಯಮ. ಈಗ ನೀನು ಬೇಕು ಎನ್ನುವುದು ಬಿರುಗಾಳಿಯನ್ನು ನೋಡಿ, ಚಂದುವನ್ನು ನೋಡಿ, ನನ್ನ ಕೈಯನ್ನು ನೋಡಿ. ಅದರೊಳಗೆ ಈಗಲೂ ಅದೇ ಮೆಷಿನು. ತಂಗಿಯನ್ನು ಒಳಗೆ ಕರೆಯಲು ಅವಳು ಸಮುದ್ರ ದಾಟಿ ಬರಬೇಕಾ ಮಾರಾಯ? ಏನೂ ಸಾಹಸ ಮಾಡದ ಒಂದು ಟ್ಯೂಡರ್ ನಿನ್ನೆದುರು ಬಂದರೆ ಏನು ಹೇಳುತ್ತಿ? ಅದನ್ನು ಯೋಚನೆ ಮಾಡು.

ಮೊನ್ನೆ ವಾಸು ಮತ್ತು ಚಂದು ಇಲ್ಲಿಗೆ ಬಂದಿದ್ದರು. ಐರಿನ್ ಗಡಿಬಿಡಿಯಲ್ಲಿ ಚಾಗೆ ಎರಡು ಸಲ ಸಕ್ಕರೆ ಹಾಕಿದಳು. ಅವರು ಕಂಬಳಿಯ ಹಾಗೆ ದಪ್ಪಗಿನ ಟವೆಲಿನಲ್ಲಿ ವಾಚನ್ನು ಸುತ್ತಿ ತಂದಿದ್ದರು. ನಾನು ಬೇಡ ಎಂದೆ. ಕೈ ತೋರಿಸಿದೆ. ವಾಸು ತಲೆ ತಗ್ಗಿಸಿದ. ಚಂದು ತಗ್ಗಿಸಲಿಲ್ಲ. ಎದ್ದು ಬಂದು ಕುರ್ಚಿಯ ಪಕ್ಕ ನೆಲದಲ್ಲಿ ಕುಳಿತು ನನ್ನ ಬಲಗೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

"ಬೋಟಿನಲ್ಲಿ ಯಾರೂ ತಾವೇ ಕಟ್ಟಿಕೊಳ್ಳಲಿಲ್ಲ," ಎಂದರು. "ಹಿಂದಿನವನು ಮುಂದಿನವನಿಗೆ ಕಟ್ಟೋದು. ನನಗೆ ಇವನು ಕಟ್ಟಿದ. ಈಗ ನಿಮ್ಮ ಪಾಳಿ."

ಆ ದಪ್ಪ ಬೆರಳಿನಲ್ಲಿ ಬಕಲ್ ಹಾಕಲು ಬಹಳ ಹೊತ್ತು ಹಿಡಿಯಿತು. ನಾನು ನೋಡುತ್ತಿದ್ದೆ. ಆಸ್ಪತ್ರೆಯಲ್ಲಿ ಬಾರದ ಅಳು ಆಗ ಬಂತು, ಸಣ್ಣ ಮಗುವಿನ ಹಾಗೆ. ಯಾರೂ ಸುಮ್ಮನಿರು ಎನ್ನಲಿಲ್ಲ.

ಹೋಗುವಾಗ ವಾಸು ಕೇಳಿದ, ಬೋಟಿನ ಎಂಜಿನ್ ಪದೇ ಪದೇ ನಿಲ್ಲುತ್ತದೆ, ಒಮ್ಮೆ ಬಂದು ಅದರ ಸದ್ದು ಕೇಳಿ ಎಂದು. ನೋಡಿ ಅಲ್ಲ, ಕೇಳಿ ಎಂದ. ಬುದ್ಧಿವಂತ. ಎಂಜಿನ್ ರೋಗ ಕಿವಿಗೇ ಗೊತ್ತಾಗುವುದು. ಹೋಗಬೇಕು ಅಂತ ಇದ್ದೇನೆ.

ಪಾಸ್ಕಲ್


ಮಣಿಪಾಲ
23-8-1981

ಪ್ರಿಯ ಪಾಸ್ಕಲ್,

ನೀನು ಈಗ ಕಾಪುವಿನಲ್ಲೇ ಇರುವಾಗ ಕಾಗದ ಬರೆಯುವುದು ಹಾಸ್ಯವೇ. ಆದರೆ ನಿನ್ನ ವರ್ಕ್‌ಶಾಪಿಗೆ ಬಂದರೆ ಎಂಜಿನ್ನುಗಳ ಸದ್ದಿನಲ್ಲಿ ಏನೂ ಮಾತಾಡಲಾಗುವುದಿಲ್ಲ, ಸುತ್ತ ಯಾವಾಗಲೂ ನಾಲ್ಕು ಬೋಟಿನವರು.

ಮೂರು ವರ್ಷದ ಹಿಂದೆ ನೀನು ಕೇಳಿದ ಪ್ರಶ್ನೆ ನನ್ನನ್ನು ಬಿಟ್ಟಿರಲಿಲ್ಲ. ಏನೂ ಸಾಹಸ ಮಾಡದ ಟ್ಯೂಡರ್ ಬಂದರೆ? ಹೋದ ತಿಂಗಳು ದುಬೈಯಿಂದ ಬಂದವರೊಬ್ಬರ ಹತ್ತಿರ ಒಂದು ಇತ್ತು, ಕೊಂಡೆ. ಡಯಲಿನ ಮೇಲೆ ಗುಲಾಬಿ ಅಲ್ಲ, ಈಗ ಅವರು ಹಾಕುವ ಗುರಾಣಿಯ ಗುರುತು. ಹೊಚ್ಚ ಹೊಸದು, ಅಂಗಡಿಯ ಗಾಜಿನಿಂದ ನನ್ನ ಮೇಜಿಗೆ ಬಂದದ್ದು ಬಿಟ್ಟರೆ ಲೋಕವನ್ನೇ ಕಂಡದ್ದಲ್ಲ. ಅದನ್ನು ಎದುರಿಗೆ ಇಟ್ಟುಕೊಂಡು ಕುಳಿತೆ. ಪ್ರಭಾವತಿ ಒಳಗೆ ದೋಸೆ ಹೊಯ್ಯುತ್ತಿದ್ದಳು. ಕಾವಲಿಯ ಸದ್ದು ಕೇಳುತ್ತ ಮಾವನ ಹೋಟೆಲು ನೆನಪಾಯಿತು. ಚಿಕ್ಕಂದಿನಲ್ಲಿ ಒಮ್ಮೆ ರಜೆಗೆ ಹೋಗಿದ್ದೆ. ಒಳಗಿನ ಕೋಣೆಯಲ್ಲಿ ಕುಳಿತವರಿಗೆ ತುಪ್ಪದ ದೋಸೆ, ಹೊರಗೆ ನಿಂತು ತಿನ್ನುವ ಗಿರಣಿಯವರಿಗೆ ಎಣ್ಣೆಯ ದೋಸೆ. ಕಲ್ಲು ಒಂದೇ, ಹಿಟ್ಟು ಒಂದೇ. ಮಾವ ಬೆಳಿಗ್ಗೆ ಬಂದ ಕೂಡಲೇ ಒಂದು ತುಂಡು ಮುರಿದು ಬಾಯಿಗೆ ಹಾಕಿ ನೋಡುತ್ತಿದ್ದದ್ದು ಎಣ್ಣೆಯದ್ದನ್ನು. "ಇದು ಕೆಟ್ಟರೆ ನನ್ನ ಬೋರ್ಡು ಕೆಟ್ಟಂತೆ" ಎನ್ನುತ್ತಿದ್ದರು.

ಪ್ರಭಾವತಿಗೆ ಇದನ್ನು ಹೇಳಿದೆ. ಅವಳು ಸೌಟು ಹಿಡಿದೇ ಬಂದು ಪೆಟ್ಟಿಗೆ ನೋಡಿದಳು. "ಹಾಗಾದ್ರೆ ನಿಮ್ಮ ಮಾವನ ಅರ್ಧ ಹೋಟೆಲು ಮಾತ್ರ ಇದರಲ್ಲಿ ಇರೋದು," ಎಂದಳು.

ಆರು ವಾಚುಗಳು ರೋಲೆಕ್ಸಿನ ಮನೆತನ ಕಟ್ಟಿದವನ ಒಂದೇ ಮಾತನ್ನು ಆರು ಸಲ ಹೇಳುತ್ತಿದ್ದವು: ಇದಕ್ಕಿಂತ ಚೆನ್ನಾಗಿ ಆಗದು ಎನ್ನುವಷ್ಟು ಚೆನ್ನಾಗಿ ಮಾಡಬೇಕು. ಅದು ದೊಡ್ಡ ಮಾತು, ಅದರ ಮುಂದೆ ನನಗೆ ಈಗಲೂ ಉಸಿರು ನಿಲ್ಲುತ್ತದೆ. ಆದರೆ ಅವನ ಇನ್ನೊಂದು ಮಾತು, ಕೊಳ್ಳಲಾರದವನನ್ನೂ ಮರೆಯಬಾರದು ಎನ್ನುವುದು, ನನ್ನ ಪೆಟ್ಟಿಗೆಯಲ್ಲಿ ಇರಲೇ ಇಲ್ಲ. ಹಾಗಾಗಿ ಆ ಹೊಸ ಟ್ಯೂಡರ್ ಮೇಲೂ ಅಲ್ಲ, ನಡುವೆಯೂ ಅಲ್ಲ, ಸಾಲಿನ ಕೊನೆಯಲ್ಲಿ, ಏಳನೆಯ ಮನೆಯಲ್ಲಿ ಕುಳಿತಿದೆ. ಮೆಷಿನು ಬೇರೆ ಎಂದು ಈಗಲೂ ಹೇಳುತ್ತೇನೆ. ಬೇರೆ ಇರುವುದಕ್ಕೇ ಅದು ಬೇಕು.

ಬಂದು ನೋಡು.

ನಿನ್ನ
ಕೃಷ್ಣರಾಜ


ಕಾಪು
6-9-1981

ಪ್ರಿಯ ಕೃಷ್ಣರಾಜ,

ಅಂತೂ ಮೆರವಣಿಗೆ ಇಲ್ಲದೆ ಒಳಗೆ ಕರೆದಿ. ನನಗೆ ಇದೇ ಬೇಕಾಗಿದ್ದದ್ದು. ಪ್ರಭಾವತಿಯಕ್ಕನಿಗೆ ನನ್ನ ನಮಸ್ಕಾರ ಹೇಳು, ಬರುವ ಭಾನುವಾರ ನಾನೂ ಐರಿನ್ನೂ ಬರುತ್ತೇವೆ. ಎರಡೂ ಬಗೆಯ ದೋಸೆ ಬೇಕು.

ಈ ಕಾಗದ ಬರೆಯುವುದು ಅದಕ್ಕಲ್ಲ. ನಿನ್ನೆ ನಾನು ಸಮುದ್ರಕ್ಕೆ ಹೋಗಿದ್ದೆ.

ಮಳೆಗಾಲ ಮುಗಿದು ಬೋಟು ಇಳಿಸಿದ್ದಾರೆ. ಹೊಸ ಎಂಜಿನ್ ಕೂರಿಸಿದ್ದು ನಾನು, ಆದ ಕಾರಣ ಮೊದಲ ದಿನ ಜೊತೆಗೆ ಬರಲೇಬೇಕು ಎಂದು ವಾಸು ಹಟ ಮಾಡಿದ. ಐದು ವರ್ಷವಾಗಿತ್ತು ನಾನು ದಡ ಕಾಣದಷ್ಟು ದೂರ ಹೋಗಿ. ಹೆದರಿಕೆ ಇತ್ತು, ಯಾರಿಗೂ ಹೇಳಲಿಲ್ಲ. ಚಂದುವಿಗೆ ಗೊತ್ತಾಗಿರಬೇಕು, ದಾರಿಯುದ್ದಕ್ಕೂ ನನ್ನ ಎಡಬದಿಗೇ ಕುಳಿತಿದ್ದರು.

ಬೆಳಕು ಹರಿಯುವಾಗ ವಾಸು ಎಂಜಿನ್ ನಿಲ್ಲಿಸಿದ. ನಾನು ಏನೋ ಕೆಟ್ಟಿತು ಎಂದು ಏಳಲು ಹೋದೆ. ಅವನು ಬಾಯಿಯ ಮೇಲೆ ಬೆರಳಿಟ್ಟು ಮುಂದೆ ತೋರಿಸಿದ. ಬಂಗುಡೆ ಮೀನಿನ ಹಿಂಡು. ಒಂದು ಊರಿನಷ್ಟು ಅಗಲಕ್ಕೆ ನೀರು ಕುದಿಯುತ್ತಿದ್ದಂತೆ ಮೇಲೆದ್ದಿತ್ತು, ಅದರ ಮೇಲೆ ಸೂರ್ಯನ ಮೊದಲ ಬೆಳಕು ಬಿತ್ತು. ಸಮುದ್ರದ ಚರ್ಮವೇ ಬೆಳ್ಳಿಯಾಗಿ ಉಸಿರಾಡಿದ ಹಾಗೆ. ಮಳೆಯ ಸದ್ದಿನಂಥ ಒಂದು ಸದ್ದು, ಆಕಾಶದಲ್ಲಿ ಒಂದು ಮೋಡ ಇಲ್ಲ. ಇಪ್ಪತ್ತು ವರ್ಷ ಹಡಗಿನಲ್ಲಿದ್ದೆ ಕೃಷ್ಣರಾಜ, ಎಂಜಿನ್ ಕೋಣೆಯಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ. ಎಷ್ಟು ಸಾವಿರ ಮೈಲಿ ದಾಟಿದೆನೋ. ಸಮುದ್ರವನ್ನು ನಾನು ನೋಡಿಯೇ ಇರಲಿಲ್ಲ.

ಬಲೆ ಕೈಯಲ್ಲೇ ಇತ್ತು, ಯಾರೂ ನೀರಿಗೆ ಬಿಡಲಿಲ್ಲ. ಚಂದು, ಹುಟ್ಟಿದಂದಿನಿಂದ ಇದನ್ನೇ ನೋಡಿದವರು, ತಲೆಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ಎದೆಗೆ ಹಿಡಿದು ಎದ್ದು ನಿಂತರು. ನಾನೂ ನಿಂತೆ. ಬೋಟು ಸಣ್ಣಗೆ ತೂಗುತ್ತಿತ್ತು. ನಾನು ಏನನ್ನೂ ಹಿಡಿದುಕೊಂಡಿರಲಿಲ್ಲ.

ಪಾಸ್ಕಲ್